ಯಾವ ಗವಿಸಿದ್ದ?

"ಮಂಜಪ್ಪನ್ನೂ ಮಂಜಮ್ಮನ್ನೂ ಒಬ್ಬರೇ ಅಂತೈತಲ್ರಿ ನಿಮ್ಮ ಪ್ರೋಗ್ರಾಮು. ಗಂಡ-ಹೆಂಡ್ತಿ ಅಷ್ಟು ಹೊಂದ್ಕೊಂಡು ಬಾಳೋದು ಎಲ್ಲಿ ನೋಡಿದ್ರಿ?"

ಸುಮಲತಾ ಗಕ್ಕನೆ ತಿರುಗಿದಳು. ಬಾಗಿಲಲ್ಲಿ ನಿಂತವನ ಗುರುತಿಲ್ಲ, ಪರಿಚಯವಿಲ್ಲ. ಕೈಯಲ್ಲಿ ಮಾತ್ರ ಅವಳದೇ ಪ್ರಿಂಟ್‌ಔಟು!

"ನೀವ್ಯಾರ್ರಿ?"

"ಗವಿಸಿದ್ದೇಶ್. ಹಗರಿಬೊಮ್ಮನಹಳ್ಳಿಯಿಂದ ಬಂದೀನಿ. ಇದೇ ಕೆಲಸಕ್ಕ."

ಇದೇ ಕೆಲಸಕ್ಕಾ...? ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅದು ಎರಡು ಸಾವಿರದ ಒಂದನೇ ಇಸವಿ. ಕೊಟ್ಟೂರಿನ ಆ ಕಂಪ್ಯೂಟರ್ ಸೆಂಟರಿಗೆ ಕುರಿಗಾರರ ಸಂಘವೊಂದರ ಕೆಲಸ ಬಂದಿತ್ತು. ಊರೂರಲ್ಲೂ ಸದಸ್ಯರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತೋಚಿದಂತೆ ಟೈಪು ಮಾಡಿಟ್ಟಿದ್ದರು. ಎರಡು ಕಡೆ ಸೇರಿಕೊಂಡವರನ್ನು ಹುಡುಕಿ ತೆಗೆಯಬೇಕಿತ್ತು.

ಸುಮಲತಾಳ ಪ್ರೋಗ್ರಾಮು ಕಾಗುಣಿತ ನೋಡುತ್ತಿತ್ತು. ಒಂದೆರಡು ಅಕ್ಷರ ಬದಲಿಸಿದರೆ ಒಂದು ಹೆಸರು ಇನ್ನೊಂದಾಗುವುದಾದರೆ, ಇಬ್ಬರೂ ಒಬ್ಬರೇ. ಸೆಂಟರಿನವರೇ ಕರೆಸಿದ್ದ ಗವಿಸಿದ್ದೇಶನ ಪ್ರೋಗ್ರಾಮಿನದು ಕಿವಿಯ ಲೆಕ್ಕ. ಮೊದಲ ಅಕ್ಷರವೂ ಅದರ ಮುಂದಿನ ಕೆಲವು ವ್ಯಂಜನಗಳ ಸದ್ದೂ ಕೂಡಿ ಬಂದರೆ ಸಾಕು. ಹೆಸರಿನ ಬಾಲ ಏನಿದೆ ಎಂದು ಅದು ನೋಡುತ್ತಲೇ ಇರಲಿಲ್ಲ.

"ಎರಡನ್ನೂ ಹಚ್ಚಿ ನೋಡ್ರಿ. ಯಾವುದು ಕಡಿಮಿ ತಪ್ಪು ಮಾಡತೈತೋ ಅದು ಇರ್ಲಿ," ಎಂದು ಸೆಂಟರಿನ ಮಾಲೀಕ ಪಂಚಾಕ್ಷರಪ್ಪ ಕೈತೊಳೆದುಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ, ಹಾವು ಮುಂಗುಸಿ ಆಟ.

"ನಿಮ್ಮದರಾಗ ಏಕಾಂತಪ್ಪ ಇಬ್ಬರಾಗ್ಯಾನ. ಕೂಡ್ಲಿಗ್ಯಾಗ 'ಇ' ಹಾಕ್ಯಾರ, ಹಡಗಲ್ಯಾಗ 'ವೈ' ಹಾಕ್ಯಾರ. ಮೊದಲ್ನೇ ಅಕ್ಷರ ಬದಲಾದ್ರ ಮನುಷ್ಯಾನ ಬದಲಾಗ್ತಾನೇನ್ರಿ?" ಎಂದು ಅವಳು ಕೆಣಕುವಳು.

"ಗಂಡನ್ನ ಹೆಣ್ಣು ಮಾಡಿದವ್ರಿಗಿಂತ ಚಲೋ ಬಿಡ್ರಿ."

ದಿನವೂ ಇದೇ ರಾಮಾಯಣ. ಒಂದು ತಪ್ಪನ್ನಾದರೂ ಒಪ್ಪಿಕೊಳ್ಳುವ ಜಾತಿಯಲ್ಲ ಅವನು. ಹಲ್ಲು ಕಡಿಯುತ್ತಲೇ ಅವಳು ಮನೆಗೆ ಹೋಗುವಳು. ಮರುದಿನ ಮಾತ್ರ ಹಗರಿಬೊಮ್ಮನಹಳ್ಳಿ ಬಸ್ಸಿನ ಹಾರನ್ ಕೇಳಿದರೆ ಕೂದಲು ಸರಿಮಾಡಿಕೊಳ್ಳುವಳು.

ಇವನ ಜೊತೆ ಜಗಳ ಆಡದಿದ್ದರೆ ಅನ್ನ ಸೇರುವುದಿಲ್ಲ... ಇದೆಂಥ ಗ್ರಹಚಾರ ನನ್ನದು?

ಕೂಡ್ಲಿಗಿಯಲ್ಲಿ ಅಪ್ಪ ಬೇರೆ ಹಟ ಹಿಡಿದಿದ್ದ. ಹರಪನಹಳ್ಳಿಯವರು ಭಾನುವಾರ ಹೆಣ್ಣು ನೋಡಲು ಬರುವವರಿದ್ದರು. ಹೂಂ ಅಥವಾ ಉಹೂಂ, ಶನಿವಾರ ಸಂಜೆಯೊಳಗೆ ಹೇಳಬೇಕು. ಶನಿವಾರ ಗವಿಸಿದ್ದೇಶನ ಬಾಯಿಂದ ಏನಾದರೂ ಬಂದೀತೆಂದು ಅವಳು ಕಾದಳು. ಅವನೇ ಬರಲಿಲ್ಲ. ಚಹಾ ತಂದ ಅಂಜಿನಕ್ಕನ ಬಾಯಿಂದ ಬಂತು.

"ಗವಿಸಿದ್ದಗ ಹೆಣ್ಣು ಗೊತ್ತಾತಂತಲ್ಲವಾ. ಬಾಗಳಿ ಊರಿನ ಹುಡುಗಿಯಂತ."

ಅವಳು ಲೋಟ ಕೆಳಗಿಟ್ಟಳು. ಇಷ್ಟು ದಿನ ನನ್ನ ಜೊತೆ ಆಡಿದ್ದೆಲ್ಲ ಬರೀ ಹೊತ್ತು ಕಳೆಯೋದಕ್ಕಾ...? ಆಗಲಿ. ಅಪ್ಪನಿಗೆ ಹೂಂ ಅಂದುಬಿಡುತ್ತೇನೆ.

ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಬಂದಳು. ಕೂಡ್ಲಿಗಿ ಬಸ್ಸು ಹೊರಡುವುದರಲ್ಲಿತ್ತು. ಅಷ್ಟರಲ್ಲಿ ಇನ್ನೊಂದು ಬಸ್ಸಿನಿಂದ ಅವನೇ ಇಳಿದ.

"ಎಲ್ಲಿಗೆ ಹೊಂಟ್ರಿ?"

"ನಿಮ್ಮ ಬಾಗಳಿ ಹುಡುಗಿಗೆ ಶುಭಾಶಯ ಹೇಳ್ರಿ."

ಅವನು ಕಣ್ಣು ಕಣ್ಣು ಬಿಟ್ಟ. ಆಮೇಲೆ ಹಣೆ ಚಚ್ಚಿಕೊಂಡ.

"ಅವ ಗವಿಸಿದ್ದಪ್ಪರಿ, ನಮ್ಮ ದೊಡ್ಡಪ್ಪನ ಮಗ. ಅಜ್ಜನ ಹೆಸ್ರು ಇಬ್ಬರಿಗೂ ಇಟ್ಟಾರ. ಮಂದಿ ಇಬ್ಬರನ್ನೂ ಗವಿಸಿದ್ದ ಅಂತಾರ. ದಿನಾ ಕಾಗುಣಿತ, ಕಾಗುಣಿತ ಅಂತ ನನ್ನ ಜೀವಾ ತಿಂತಿದ್ರಿ. ನನ್ನ ಪಾಳಿ ಬಂದಾಗ ಬಾಲ ನೋಡದಂಗ ನಂಬಿಬಿಟ್ರಿ?"

"ನಿಮ್ಮ ಪ್ರೋಗ್ರಾಮೂ ಇಬ್ಬರನ್ನ ಒಬ್ಬನೇ ಅಂತಿತ್ತು," ಎಂದಳು. ಕಣ್ಣಲ್ಲಿ ನೀರು ತುಂಬಿತ್ತು, ದನಿಯಲ್ಲಿ ಸಿಟ್ಟಿತ್ತು.

"ಹೌದ್ರಿ... ಅದು ತಪ್ಪು. ನಿಮ್ಮದೇ ಖರೆ."

ಅವನು ಒಪ್ಪಿಕೊಂಡ!

"ಬ್ಯಾರೆ ಯಾರೂ ಬ್ಯಾಡ ನಂಗ. ನೀವು ಬೇಕು," ಎಂದ ಅವನು, ನೆಲ ನೋಡುತ್ತ.

"ಕೂಡ್ಲಿಗಿ, ಕೂಡ್ಲಿಗಿ... ಹತ್ತತಿಯೇನವಾ, ಇಲ್ಲೇನು?" ಕಂಡಕ್ಟರ್ ಕೂಗಿದ.

ಅವಳು ಹತ್ತಲಿಲ್ಲ. ಎದುರಿನ ಟೆಲಿಫೋನ್ ಬೂತಿಗೆ ನಡೆದಳು.

"ಅಪ್ಪಾ, ನಾಳೆ ಅವರಿಗೆ ಬರಬ್ಯಾಡ ಅನ್ನು. ನಾನು ಒಬ್ಬರನ್ನ ಮೆಚ್ಚೀನಿ... ಗವಿಸಿದ್ದೇಶ್ ಅಂತ."

ಲೈನಿನಲ್ಲಿ ಬರೀ ಗೊರಗೊರ. "ಯಾರು? ಗವಿಸಿದ್ದಪ್ಪನಾ?"

"ಅಲ್ಲಪ್ಪಾ, ಗವಿಸಿದ್ದೇಶ್!"

"ಸಿದ್ದಯ್ಯನಾ?"

"ಗ-ವಿ-ಸಿ-ದ್ದೇಶ್!" ಜೀವ ಹೋಗುವಂತೆ ಒದರಿದಳು. ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡಿತು.

ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

"ಕಿವಿ ಹರಿಯಂಗ ಒದರಬ್ಯಾಡ," ಎಂದ ಅಪ್ಪ ಕೊನೆಗೆ. "ನಾಳೆ ಅವನ್ನ ಕರ್ಕೊಂಡು ಬಾ. ನೋಡಣ."

ಹೊರಗೆ ಬಂದಾಗ ಅವನು ಕೆಂಪೇರಿದ ಮುಖ ಹೊತ್ತು ನಿಂತಿದ್ದ.

"ಸುಮಾ... ಆ ಹೆಸ್ರು ಇನ್ನೊಂದ್ಸಲ ಅನ್ನು."

"ಊರಿಗೆಲ್ಲ ಕೇಳೈತಿ. ನಿಂಗ ಕೇಳ್ಸಲಿಲ್ಲೇನು?"

"ಅದು ನಿಮ್ಮ ಅಪ್ಪಗ ಅಂದಿದ್ದು. ನಂಗ ಅನ್ನು."

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಗವಿ..."

"ಉಳಿದ ಅಕ್ಷರ?"

"ಅವು ಊರವ್ರಿಗೆ ಇರ್ಲಿ. ನಂಗ ಇಷ್ಟ ಸಾಕು."