ಲಾಜರನ ಬಿಳಿ ಬಟ್ಟೆ

ನಾಟಕದ ಪೆಟ್ಟಿಗೆಯಲ್ಲಿಟ್ಟಿದ್ದ ಬಿಳಿ ಬಟ್ಟೆ ಇಲ್ಲ ಎಂದು ಜ್ಞಾನಮಣಿ ಟೀಚರ್ ಕೂಗಿದಾಗ ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ನೇರವಾಗಿ ಹೋಗಿ ದಾವೀದಪ್ಪನ ಕುತ್ತಿಗೆಯ ಟವೆಲ್ಲಿಗೇ ಕೈ ಹಾಕಿದೆ.

ಇದು ನಡೆದದ್ದು ೧೯೫೧ರಲ್ಲಿ, ಮಲ್ಲೇಶ್ವರದಿಂದ ವೈಯಾಲಿಕಾವಲ್ ಕಡೆ ಹೋಗುವ ದಾರಿಯ ಒಂದು ಸಣ್ಣ ಚರ್ಚಿನಲ್ಲಿ. ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸಿದವನು ನಾನು. ಕಂಪನಿ ಮುಚ್ಚಿದ ಮೇಲೆ, ಚರ್ಚಿನ ಯುವಕ ಯುವತಿಯರು ಲಾಜರನ ಕತೆಯನ್ನು ಗೀತನಾಟಕ ಮಾಡುತ್ತೇವೆ, ಹಾಡು ಕಲಿಸಿಕೊಡಿ ಎಂದು ಕರೆದರು. ಸತ್ತು ನಾಲ್ಕು ದಿನವಾದವನನ್ನು ಯೇಸುಸ್ವಾಮಿ ಕರೆದು ಎಬ್ಬಿಸಿದ ಕತೆ. ದೇವರು ಬೇರೆಯಾದರೇನು, ಸ್ವರ ಏಳೇ ತಾನೆ ಎಂದು ಒಪ್ಪಿಕೊಂಡೆ.

ಹೆಣದ ಮೈಗೆ ಸುತ್ತಲು ದೊಡ್ಡ ಬಿಳಿ ಬಟ್ಟೆ ಬೇಕಿತ್ತು. ಚರ್ಚಿನ ಮೇಜಿನ ಮೇಲೆ ವಾರ್ಷಿಕೋತ್ಸವದ ದಿನ ಮಾತ್ರ ಹಾಸುವ ಬಟ್ಟೆಯನ್ನು ಟೀಚರ್ ಪಾದ್ರಿಗಳಿಂದ ಬೇಡಿ ತಂದಿದ್ದರು. ಅದರ ಅಂಚಿನ ಲೇಸನ್ನು ಹೆಣೆದವರು ತೀರಿಹೋದ ಅವರ ತಾಯಿ.

ದಾವೀದಪ್ಪ ಗಂಟೆ ಹೊಡೆದು, ಹಾಲ್ ಗುಡಿಸುವ ಮುದುಕ. ಚರ್ಚಿನ ಹಿಂದಿನ ಒಂದು ಕೋಣೆಯೇ ಅವನ ಮನೆ. ಹಾಲ್‌ನ ಬೀಗದ ಕೈ ಇದ್ದದ್ದು ಅವನೊಬ್ಬನ ಸೊಂಟದಲ್ಲಿ. ಅಷ್ಟು ಸಾಕಾಯಿತು ನನಗೆ. ಹುಡುಗರೆಲ್ಲ ನೋಡುತ್ತಿದ್ದಂತೆ ಅವನ ಕೋಣೆಗೆ ನುಗ್ಗಿದೆ. ತಗಡಿನ ಟ್ರಂಕ್ ಎಳೆದು ಒಂದೊಂದೇ ಬಟ್ಟೆ ಹೊರಗೆ ಎಸೆದೆ. ತಳದಲ್ಲಿ ಕೆಂಪಂಚಿನ ಒಂದು ಸೀರೆ ಅಚ್ಚುಕಟ್ಟಾಗಿ ಮಡಿಸಿಟ್ಟಿತ್ತು. ಅದನ್ನೂ ಹಿಡಿದು ಕೊಡವಿದೆ. ಏನೂ ಬೀಳಲಿಲ್ಲ. ದಾವೀದಪ್ಪ ಗೋಡೆಗೊರಗಿ ಕುಕ್ಕರಿಸಿದ. ಬಾಯಿ ಬಿಡಲಿಲ್ಲ.

"ಕದ್ದೋನಿಗೆ ಮಾತೆಲ್ಲಿಂದ ಬರುತ್ತೆ!" ಎಂದು ಕಿರುಚಿದೆ.

ಚರ್ಚ್ ಸಭೆಯ ಹಿರಿಯರು ಬಂದು ಕಡ್ಡಿ ಮುರಿದಂತೆ ಹೇಳಿದರು. "ಭಾನುವಾರ ವಾರ್ಷಿಕೋತ್ಸವ, ಬೆಳಗ್ಗೆ ಆ ಬಟ್ಟೆ ಮೇಜಿನ ಮೇಲಿರಬೇಕು. ಇಲ್ದಿದ್ರೆ ದಾವೀದಪ್ಪ ಕೋಣೆ ಬಿಡ್ಲಿ. ನಾಟಕಾನೂ ಬೇಡ."

ಅಂದು ಶುಕ್ರವಾರ. ಮರುದಿನ ಬೆಳಗ್ಗೆಯೇ ಚಾಮರಾಜಪೇಟೆಗೆ ಹೋಗಿ ಪಂಚಾಕ್ಷರಯ್ಯನವರನ್ನು ಕರೆತಂದೆ. ತರಗುಪೇಟೆಯ ಅಂಗಡಿಯನ್ನು ಮಗನಿಗೆ ಬಿಟ್ಟು, ಊರವರ ಕಳವು ಕಾಣೆಗಳ ಗಂಟು ಬಿಡಿಸುತ್ತ ಕಾಲ ಕಳೆಯುತ್ತಿದ್ದ ಯಜಮಾನರು. ಅವರ ಹಿಂದೆ ಹತ್ತಾರು ಕಡೆ ಸುತ್ತಿದವನು ನಾನು. ಕಳ್ಳ ಯಾರೆಂದು ಗೊತ್ತೇ ಇದೆ, ಬಟ್ಟೆ ಎಲ್ಲಿದೆ ಎಂದು ಹೇಳಿಬಿಡಲಿ ಎಂಬುದಷ್ಟೇ ನನ್ನ ಆಸೆ.

ದಾರಿಯುದ್ದಕ್ಕೂ ಸೀನುತ್ತಿದ್ದೆ.

"ಏನೋ ಮಾಯಣ್ಣ, ಬೇಸಿಗೇಲಿ ನೆಗಡಿ?"

"ಗುರುವಾರ ಲಾಜರನ ಪಾರ್ಟಿನ ಹುಡುಗನಿಗೆ ಜ್ವರ, ಯಜಮಾನ್ರೇ. ಪ್ರಾಕ್ಟೀಸ್ ನಿಲ್ಲಬಾರದು ಅಂತ ನಾನೇ ಬಟ್ಟೆ ಸುತ್ಕೊಂಡು ಮಲಗಿದ್ದೆ. ಎಲ್ರೂ ನಕ್ಕಿದ್ದೇ ನಕ್ಕಿದ್ದು. ಮನೇಲಿ ಅದನ್ನ ಹೇಳ್ತಿದ್ರೆ ಇವಳು ನಗೋದು ಬಿಟ್ಟು, ಹಿತ್ತಲಲ್ಲಿ ನಿಲ್ಲಿಸಿ ತಲೆ ಮೇಲೆ ತಣ್ಣೀರು ಸುರಿದ್ಲು. ಮೈಯೆಲ್ಲ ಧೂಳಂತೆ!"

ಅವರು ಹೂಂ ಎಂದರು, ಅಷ್ಟೆ.

ಹಾಲ್‌ನಲ್ಲಿ ಆ ಪೆಟ್ಟಿಗೆ ತೆರೆದು ತೋರಿಸಿದೆ. ಮೇಲೆ ನನ್ನ ಹೆಂಡತಿ ಅಕ್ಕಯಮ್ಮ ಹೊಲಿದುಕೊಟ್ಟ ನಾಲ್ಕು ಅಂಗಿ, ಹಿಂದಿನ ದಿನವಷ್ಟೇ ಬಂದದ್ದು. ಕೆಳಗೆ ಕಂಪನಿಯ ಕಾಲದ ಜರತಾರಿ ಶಾಲು, ಎರಡು ರೇಷ್ಮೆ ಸೀರೆ. ಪಂಚಾಕ್ಷರಯ್ಯನವರು ಶಾಲನ್ನು ಬೆಳಕಿಗೆ ಹಿಡಿದರು. ಅಲ್ಲಲ್ಲಿ ಹಳದಿ ಚುಕ್ಕೆಗಳಿದ್ದವು.

"ಮುಖಕ್ಕೆ ಬಳಿಯೋ ಬಣ್ಣ," ಎಂದೆ.

ಅವರು ಮೂಸಿ ನೋಡಿ ಮಡಿಸಿಟ್ಟರು. ಆಮೇಲೆ ದಾವೀದಪ್ಪನ ಪಕ್ಕದಲ್ಲೇ ನೆಲದ ಮೇಲೆ ಕೂತರು. "ನಿನ್ನೆ ಈ ಬಾಗಿಲು ಯಾರಿಗೆ ತೆಗೆದುಕೊಟ್ರಿ?"

ಮುದುಕ ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ. "ಬೀಗ ತೆಗೆದಿದ್ದು ನಾನೇ ಸ್ವಾಮಿ. ತಪ್ಪು ನಂದೇ ಅಂದ್ಕೊಳ್ಳಿ."

"ನೋಡಿದ್ರಾ, ಒಪ್ಕೊಂಡ!" ಎಂದು ಎದ್ದೆ.

"ಕೂತ್ಕೋ," ಎಂದರು ಯಜಮಾನರು. ಅವರು ನನ್ನನ್ನು ಹಾಗೆ ಗದರಿದ್ದು ಅದೇ ಮೊದಲು. "ಸಂಜೆ ಐದಕ್ಕೆ ಎಲ್ರೂ ಇಲ್ಲಿರಿ. ಅಕ್ಕಯಮ್ಮನೂ ಬರ್ಲಿ, ಅಂಗಿ ಅಳತೆ ನೋಡ್ಬೇಕು."

ಸಂಜೆ ಹಿರಿಯರು, ಟೀಚರ್, ಹುಡುಗರು ಬೆಂಚುಗಳ ಮೇಲೆ ಕೂತರು. ಅಕ್ಕಯಮ್ಮ ಕಂಬದ ಮರೆಯಲ್ಲಿ ನಿಂತಳು. ಹಿಂದಿನ ಬಾಗಿಲಲ್ಲಿ ನಮ್ಮ ಬೀದಿಯ ಅಗಸಗಿತ್ತಿ ಗಂಟು ಹಿಡಿದು ನಿಂತದ್ದು ಕಂಡಿತು. ಇವಳಿಗೇನು ಕೆಲಸ ಇಲ್ಲಿ ಎಂದುಕೊಂಡೆ.

ಪಂಚಾಕ್ಷರಯ್ಯನವರು ಶಾಂತವಾಗಿ ಶುರುಮಾಡಿದರು.

"ಜರತಾರಿ ಶಾಲು ಬಿಟ್ಟು, ರೇಷ್ಮೆ ಬಿಟ್ಟು, ಹೆಣಕ್ಕೆ ಸುತ್ತಿದ ಬಟ್ಟೆ ಮಾತ್ರ ತಗೊಂಡು ಹೋಗೋ ಕಳ್ಳ ಎಂಥೋನು? ಆಸೆಯಿಂದ ತಗೊಂಡಿದ್ದಲ್ಲ, ಭಯದಿಂದ. ಶಾಲಿನ ಮೇಲಿನ ಚುಕ್ಕೆ ಬಣ್ಣ ಅಲ್ಲ, ಅರಿಶಿನದ ನೀರು. ಹೆಣ ಎತ್ತಿದ ಮೇಲೆ ಮನೆಗೆ ಚಿಮುಕಿಸ್ತೀವಲ್ಲ, ಹಾಗೆ ಚಿಮುಕಿಸಿದ್ದಾರೆ. ಈ ಸಭೆಯೋರಿಗೆ ಆ ರೂಢಿ ಇಲ್ಲ. ಅಂದ್ಮೇಲೆ ನಮ್ಮ ಕಡೆಯೋರು ಯಾರೋ. ಹೆಣದ ಮೇಲಿನ ಬಟ್ಟೆ ಮನೆಗೆ ವಾಪಸ್ ಬರಬಾರ್ದು, ಅಗಸರಿಗೆ ಕೊಡ್ಬೇಕು ಅಂತ ಊರ ಕಡೆ ಪದ್ಧತಿ. ಆದ್ರೆ ಇಲ್ಲಿ ಸತ್ತೋರ್ಯಾರು?"

ಅವರು ನನ್ನತ್ತ ತಿರುಗಿದರು. "ಗುರುವಾರ ಅದರೊಳಗೆ ಮಲಗಿದ್ದು ಮಾಯಣ್ಣ. ಮನೆಗೆ ಹೋಗಿ ಹೇಳಿದ. ಸ್ಮಶಾನದಿಂದ ಬಂದೋರಿಗೆ ಸುರಿದ ಹಾಗೆ ಇವನ ತಲೆಗೆ ತಣ್ಣೀರು ಬಿತ್ತು. ಹೊಲಿದ ಅಂಗಿ ಶುಕ್ರವಾರ ಪೆಟ್ಟಿಗೆಗೆ ಬಂತು, ಬಟ್ಟೆ ಹೋಯ್ತು. ಅಂಗಿ ತಾವೇ ನಡ್ಕೊಂಡು ಬರಲ್ಲ."

ನಾನು ಕಂಬದ ಕಡೆ ತಿರುಗಿದೆ.

ಅಕ್ಕಯಮ್ಮ ಮುಂದೆ ಬಂದಳು. "ನಾನೇ ತಗೊಂಡಿದ್ದು, ಯಜಮಾನ್ರೇ. ಬದುಕಿರೋ ಗಂಡಸು ಹೆಣದ ಹಾಗೆ ಸುತ್ಕೊಂಡು ಮಲಗಿದ್ರೆ ನಾನು ಹೆಂಗೆ ಸುಮ್ನಿರ್ಲಿ? ದೇವರ ಮೇಜಿನ ಬಟ್ಟೆ ಅಂತ ನಂಗೆ ಗೊತ್ತಿರ್ಲಿಲ್ಲ. ಈ ಅಣ್ಣನ ಮೇಲೆ ಬಂತು ಅಂತಾನೂ ಮನೇಲಿ ಯಾರೂ ಹೇಳ್ಲಿಲ್ಲ."

ಹೇಳಬೇಕಾದವನು ನಾನು. ಹೆಂಡತಿಗೆ ಊರ ಸುದ್ದಿ ಹೇಳುವ ಅಭ್ಯಾಸ ನನಗಿರಲಿಲ್ಲ.

ಅಗಸಗಿತ್ತಿ ಗಂಟು ಬಿಚ್ಚಿದಳು. ಒಗೆದ ಬಟ್ಟೆ ಹೊಳೆಯುತ್ತಿತ್ತು, ಲೇಸಿನ ಒಂದು ಎಳೆಯೂ ಕಿತ್ತಿರಲಿಲ್ಲ. "ಸತ್ತೋರ ಬಟ್ಟೆ ಅಂದ್ರು ಅಮ್ಮಾವ್ರು. ಯಾರವ್ವ ಸತ್ತೋರು ಅಂದ್ರೆ, ಒಳಗೆ ಮುದ್ದೆ ಉಣ್ತಾವ್ರೆ ಅಂದ್ರು!"

ಹುಡುಗರು ಹೊಟ್ಟೆ ಹಿಡಿದು ನಕ್ಕರು. ಟೀಚರ್ ಲೇಸನ್ನು ಕೆನ್ನೆಗೊತ್ತಿಕೊಂಡರು. ಹಿರಿಯರು ದಾವೀದಪ್ಪನ ಹೆಗಲು ಮುಟ್ಟಿ, "ಕೋಣೆ ನಿಂದೇ ಕಣಪ್ಪ," ಎಂದರು.

"ಅಕ್ಕಯಮ್ಮ ಗಂಟು ಹಿಡ್ಕೊಂಡು ಹೋಗಿದ್ದು ನೋಡಿದ್ರಿ, ಅಲ್ವಾ?" ಎಂದು ಯಜಮಾನರು ಮುದುಕನನ್ನು ಕೇಳಿದರು. "ಯಾಕೆ ಹೇಳ್ಲಿಲ್ಲ?"

ದಾವೀದಪ್ಪ ಮೆಲ್ಲಗೆ ಹೇಳಿದ. "ಈ ಮೇಷ್ಟ್ರ ಕೋಪ ನನ್ನ ಪಾಲಿಗೆ ಒಂದು ಗಳಿಗೆ, ಸ್ವಾಮಿ. ಆ ತಾಯಿ ಮನೆಗೆ ಹೋಗ್ಬೇಕಲ್ಲ."

ನಗು ನಿಂತಿತು. ಅಕ್ಕಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನ ಮಾತು ಸುಳ್ಳು ಎನ್ನುವಂತೆ ನಾನು ಮನೆಯಲ್ಲಿ ಒಂದು ದಿನವೂ ನಡೆದುಕೊಂಡಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವನ ಕೋಣೆಗೆ ಹೋದೆ. ನಾನು ಎಸೆದ ಬಟ್ಟೆಗಳನ್ನೆಲ್ಲ ಟ್ರಂಕಿಗೆ ಸೇರಿಸಿದ್ದ. ಆ ಕೆಂಪಂಚಿನ ಸೀರೆ ಮಾತ್ರ ಚಾಪೆಯ ಮೇಲೆ ಹಾಗೇ ಹರಡಿತ್ತು.

"ತಪ್ಪಾಯ್ತು, ದಾವೀದಪ್ಪ," ಎಂದೆ. ಸೀರೆ ಎತ್ತಿಕೊಂಡು ಮಡಿಸಲು ಕೂತೆ. ಅಂಚಿಗೆ ಅಂಚು ಕೂಡಲಿಲ್ಲ. ಬಿಚ್ಚಿದೆ, ಮತ್ತೆ ಮಡಿಸಿದೆ. ಹಳೆಯ ಗೆರೆ ಒಂದು ಕಡೆ, ನನ್ನ ಮಡಿಕೆ ಇನ್ನೊಂದು ಕಡೆ.

"ಬಿಡಿ ಮೇಷ್ಟ್ರೇ," ಎಂದ. "ನಮ್ಮೋಳು ತೀರ್ಕೊಳ್ಳೋಕೆ ಮುಂಚೆ ಅವಳ ಕೈಯಾರೆ ಮಡಿಸಿಟ್ಟಿದ್ದು. ಒಂಬತ್ತು ವರ್ಷ ಬಿಚ್ಚಿರ್ಲಿಲ್ಲ. ಅದು ನನಗೂ ಬರಲ್ಲ."