ಮೇಣ ತೆಗೆದ ನಾಣ್ಯ

“ಬೇಡಮ್ಮ, ಆ ಒಂದನ್ನ ಮಾತ್ರ ಬಿಟ್ಟುಬಿಡಿ,” ಎಂದರು ತಾತ. “ಇನ್ನೂ ಇನ್ನೂರು ನಾಣ್ಯ ಇವೆ. ತೊಳೀರಿ, ತೂಗಿ, ಏನ್ ಬೇಕಾದ್ರೂ ಮಾಡಿ. ಇದರ ಮೇಣ ತೆಗೀಬೇಡಿ.”

ಅವಳು ನಕ್ಕಳು. “ಯಾಕೆ ತಾತ, ಒಳಗೆ ದೆವ್ವ ಕೂತಿದೆಯಾ?”

“ದೆವ್ವ ಆಗಿದ್ರೆ ಇಷ್ಟು ಹೆದರ್ತಿರಲಿಲ್ಲ.”

ತಾತ ಆ ವಸ್ತುಸಂಗ್ರಹಾಲಯದ ನಾಣ್ಯದ ಕೋಣೆಯನ್ನು ಇಪ್ಪತ್ತೆಂಟು ವರ್ಷದಿಂದ ನೋಡಿಕೊಳ್ಳುತ್ತಿದ್ದವರು. ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಮೇಲೆ ಎಷ್ಟೇ ಬಿಸಿಲಿರಲಿ, ಅಲ್ಲಿಗಿಳಿದರೆ ಮೇಜಿನ ದೀಪ ಬಿದ್ದಷ್ಟೇ ಬೆಳಕು. ಸ್ಪಿರಿಟ್ಟು, ಹಳೆಯ ತಾಮ್ರ, ಒದ್ದೆ ಗೋಡೆ, ಮೂರೂ ಬೆರೆತ ವಾಸನೆ. ಅವಳು ಬಂದ ಮೊದಲ ದಿನ ಚಳಿಗೆ ಮುದುಡಿ ಕೂತದ್ದನ್ನು ನೋಡಿ, ತಮ್ಮ ಶಾಲನ್ನೇ ಮಡಿಸಿ ಅವಳ ಕಬ್ಬಿಣದ ಕುರ್ಚಿಗೆ ಹಾಸಿದ್ದರು. ಅವರ ಮೇಜಿನ ಮೇಲೆ ಒಬ್ಬ ಹೆಂಗಸಿನ ಫೋಟೋ ಇತ್ತು. ಮುಖದ ಜಾಗ ಮಾತ್ರ ಬೆಳ್ಳಗಾಗಿತ್ತು. ಅದರ ಗಾಜನ್ನು ದಿನಾ ಬೆಳಿಗ್ಗೆ ಒರೆಸುತ್ತಿದ್ದರು. ತೇವಕ್ಕೆ ಹಾಳಾಗಿರಬೇಕು, ಪಾಪ, ಎಂದುಕೊಂಡಿದ್ದಳು.

ಅವಳ ಅಧ್ಯಯನ ಗ್ರೀಕರ ಮತ್ತು ರೋಮನರ ಆಳ್ವಿಕೆಯಲ್ಲಿ ಈಜಿಪ್ಟಿನಲ್ಲಿ ಟಂಕಿಸಿದ ನಾಣ್ಯಗಳದ್ದು. ಗ್ರೀಕ್ ದೊರೆಗಳ ಕಾಲದ ಒಳ್ಳೆಯ ಬೆಳ್ಳಿ ರೋಮನರ ಕಾಲದಲ್ಲಿ ಹೇಗೆ ತೆಳ್ಳಗಾಗುತ್ತಾ ಬಂತು, ಕೊನೆಗೆ ತಾಮ್ರದ ಮೇಲೆ ಬರೀ ಬೆಳ್ಳಿಯ ನೆನಪು ಹೇಗೆ ಉಳಿಯಿತು, ಅದನ್ನು ತೂಕದಿಂದ ಹಿಡಿಯಬೇಕಿತ್ತು. ಮೇಣ ಹಚ್ಚಿದ ನಾಣ್ಯದ ತೂಕ ಸುಳ್ಳು ಹೇಳುತ್ತದೆ. ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ತಕ್ಕಡಿಯೊಂದಿಗೇ ಬಾಳುವವಳಿಗೆ ಬಿಡಲಾಗಲಿಲ್ಲ.

ತಾತ ಚಹಾ ತರಲು ಮೇಲೆ ಹೋದಾಗ ನಾಣ್ಯವನ್ನು ದೀಪದ ಶಾಖಕ್ಕೆ ಹಿಡಿದಳು. ಮೇಣ ಕರಗಿತು. ಹತ್ತಿಯಲ್ಲಿ ಒರೆಸಿದಳು. ಸುಟ್ಟ ಕೂದಲಿನಂಥ ವಾಸನೆ ಒಮ್ಮೆ ಬಂದು ಹೋಯಿತು. ಚಕ್ರವರ್ತಿಯ ತಲೆ ಇರಬೇಕಾದಲ್ಲಿ ಅಡ್ಡಾದಿಡ್ಡಿ ಗೀಚು. ಹಿಂಬದಿಯಲ್ಲಿ, ಹದ್ದಿನ ಚಿತ್ರದ ಸುತ್ತ, ಮೊಳೆಯಿಂದ ಕೊರೆದ ಗ್ರೀಕ್ ಅಕ್ಷರಗಳು. ಭೂತಗನ್ನಡಿ ಹಿಡಿದು ಓದಿದಳು.

“ನೋಡಿ ತಾತ, ಯಾವುದೋ ತಾಯಿಯ ಶಾಪ,” ಎಂದಳು, ಅವರು ಇಳಿದು ಬಂದಾಗ. “‘ನನ್ನ ಮಗುವಿನ ಮುಖ ನನಗಿಲ್ಲದಂತೆ ಮಾಡಿದಿರಿ. ಇದನ್ನು ತೆರೆದವರ ಮನೆಯಲ್ಲಿ ಯಾವ ಮುಖವೂ ಉಳಿಯದಿರಲಿ.’ ರಾಜನ ಮೇಲಿನ ಸಿಟ್ಟು, ಪಾಪ, ನಾಣ್ಯದ ಮೇಲೆ ತೀರಿಸಿಕೊಂಡಿದ್ದಾಳೆ.”

ತಾತ ಲೋಟಗಳನ್ನು ಮೇಜಿನ ಮೇಲಿಟ್ಟರು. “ನಿಮ್ಮನೇಲಿ ಯಾರ್ಯಾರಿದ್ದಾರಮ್ಮ?” ಎಂದಷ್ಟೇ ಕೇಳಿದರು.

“ನಮ್ಮೆಜಮಾನ್ರು, ನಾಲ್ಕು ವರ್ಷದ ಮಗಳು. ದೊಡ್ಡವಳೊಬ್ಬಳು ಇದ್ದಳು.”

ಮನೆಯಲ್ಲಿ ಚಿಕ್ಕವಳನ್ನು ಮರಿ ಎಂದೂ ಆ ದೊಡ್ಡವಳನ್ನು ಗುಬ್ಬಿ ಎಂದೂ ಕರೆಯುತ್ತಿದ್ದರು. ಗುಬ್ಬಿ ಏಳು ವರ್ಷಕ್ಕೆ ಜ್ವರ ಬಂದು ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ತಾಯಿಗೆ ಒಂದು ಅಭ್ಯಾಸ. ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತೊಡನೆ ಕಣ್ಣು ಮುಚ್ಚಿ ಗುಬ್ಬಿಯ ಮುಖವನ್ನು ಕೂಡಿಸುವುದು. ಮೊದಲು ಹಣೆ. ಆಮೇಲೆ ಹುಬ್ಬಿನ ಮೇಲಿನ ಗಾಯದ ಗುರುತು. ಕಿವಿಯ ಹಿಂದೆ ಎಷ್ಟು ಸಿಕ್ಕಿಸಿದರೂ ನಿಲ್ಲದ ಗುಂಗುರು ಕೂದಲು. ಮನೆಯ ನಿಲ್ದಾಣ ಬರುವಷ್ಟರಲ್ಲಿ ಮಗು ನಕ್ಕುಬಿಡುತ್ತಿತ್ತು. ಆ ನಗುವಿನಿಂದಲೇ ಅವಳು ಮನೆಯ ಮೆಟ್ಟಿಲು ಹತ್ತುತ್ತಿದ್ದಳು.

ಅಂದು ಹಣೆ ಕೂಡಿತು. ಹುಬ್ಬು ಬರಲಿಲ್ಲ. ಆಯಾಸ, ಎಂದುಕೊಂಡಳು.

ಮಾರನೆಯ ದಿನ ನಾಣ್ಯದ ಗೀಚುಗಳು ಮಾಯುತ್ತಿರುವ ಗಾಯದಂತೆ ಮಾಸಿದ್ದವು. ಅವುಗಳ ಕೆಳಗಿಂದ ಒಂದು ಹಣೆ ಏಳುತ್ತಿತ್ತು. ಮತ್ತೆ ತೂಗಿದಳು. ತೂಕ ಹೆಚ್ಚಿತ್ತು, ಒಂದು ಅಕ್ಕಿಕಾಳಿನಷ್ಟು. ತಕ್ಕಡಿಯನ್ನು ಬೈದಳು. ತಾತ ಅವಳ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.

ಅಂದು ಬಸ್ಸಿನಲ್ಲಿ ಏನೂ ಕೂಡಲಿಲ್ಲ. ಅವಸರದಿಂದ ಫೋನು ತೆಗೆದು ಹಳೆಯ ಚಿತ್ರಗಳನ್ನು ನೋಡಿದಳು. ಹಳದಿ ಫ್ರಾಕು ಇತ್ತು. ಸಣ್ಣ ಕೈಯಲ್ಲಿ ಬಲೂನು ಇತ್ತು. ಕುತ್ತಿಗೆಯಿಂದ ಮೇಲೆ ಬೆಳ್ಳಗಿನ ಮಸುಕು.

ಮೂರನೆಯ ದಿನ ಬೆಳಿಗ್ಗೆ ಅವಳು ಮೆಟ್ಟಿಲು ಇಳಿಯುತ್ತಿರುವಾಗಲೇ ಗಂಡನ ಫೋನು ಬಂತು.

“ಗೋಡೆ ಮೇಲಿನ ಗುಬ್ಬಿ ಫೋಟೋಗೆ ಏನ್ ಮಾಡಿದೆ ನೀನು?”

“ನಾನು ಮುಟ್ಟೇ ಇಲ್ಲ.”

“ಮುಖ ಇಲ್ಲ ಕಣೆ ಅದರಲ್ಲಿ.” ಹಿಂದಿನಿಂದ ಮಗುವಿನ ಅಳು ಕೇಳಿಸಿತು. “ಮರೀನೂ ಯಾಕೋ ಒಂದೇ ಸಮ ಅಳ್ತಿದ್ದಾಳೆ. ಕನ್ನಡೀಲಿ ನಾನಿಲ್ಲ ಅಂತಾಳೆ. ತಮಾಷೆ ಅಂದುಕೊಂಡು ಎತ್ಕೊಂಡೆ. ನನಗೂ ಅವಳ ಮುಖ... ನೀನು ಬೇಗ ಬಾ.”

ಶಾಪದ ಸಾಲು ನೆನಪಾಗಿ ಅವಳು ಕೆಳಕ್ಕೆ ಓಡಿದಳು. ದೀಪ ಹಚ್ಚಿದಳು. ನಾಣ್ಯ ತೆಗೆದಳು.

ಪಕ್ಕಕ್ಕೆ ತಿರುಗಿದ ಮುಖ, ರಾಜರದ್ದು ಇರುವಂತೆಯೇ. ಸಣ್ಣ ಮೂಗು. ಹುಬ್ಬಿನ ಮೇಲೆ ಗಾಯದ ಗುರುತು. ಕಿವಿಯ ಹಿಂದೆ ನಿಲ್ಲದ ಗುಂಗುರು ಕೂದಲು.

ಎರಡು ದಿನದಿಂದ ಹುಡುಕುತ್ತಿದ್ದ ಮುಖ. ಅಂಗೈಯಲ್ಲಿ ಬೆಚ್ಚಗಿತ್ತು.

“ಗುಬ್ಬೀ,” ಎಂದಳು.

ದೀಪದಾಚೆಯ ಕತ್ತಲಲ್ಲಿ ಯಾರೋ ಮೂಗು ಎಳೆದುಕೊಂಡಂತಾಯಿತು. ತಾತ ಅಲ್ಲೇ ಗೋಡೆಗೊರಗಿ ನಿಂತಿದ್ದರು.

“ಗೀಚಿಬಿಡಿ,” ಎಂದರು. “ಮೊದಲು ಸತ್ತುಹೋದವರ ಮುಖ ಎಳ್ಕೊಳ್ಳತ್ತೆ. ಅದು ಪೂರ್ತಿ ಮೂಡಿದ ಮೇಲೆ ಇರೋರದ್ದು. ತೆರೆದವರೇ ಗೀಚಬೇಕು. ಗೀಚಿ ಮೇಣ ಹಾಕಿದ್ರೆ ಅಲ್ಲಿಗೆ ನಿಲ್ಲತ್ತೆ.”

“ಗೀಚಿದ ಮುಖ?”

“ಅದು ಮತ್ತೆ ಬರಲ್ಲಮ್ಮ.”

“ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಂಬ್ತಿದ್ರಾ? ನನಗೂ ಒಬ್ಬರು ಹೇಳಿದ್ರು. ನಾನೂ ನಕ್ಕಿದ್ದೆ. ಆಮೇಲೆ ಹೊಳೆಗೆ ಎಸೆದೆ. ಮಾರನೇ ದಿನ ಇಲ್ಲೇ ನಾಣ್ಯದ ತಟ್ಟೇಲಿ, ತನ್ನ ಗುಂಡೀಲೇ ಬಂದು ಕೂತಿತ್ತು.”

ಅವಳು ತಾತನ ಮೇಜಿನ ಕಡೆ ನೋಡಿದಳು. “ಆ ಫೋಟೋದಲ್ಲಿ ಇರೋರು?”

“ನನ್ನ ಹೆಂಡ್ತಿ ಅಂತ ಅಕ್ಕಪಕ್ಕದೋರು ಹೇಳ್ತಾರೆ. ಹೆಸರು ಗೊತ್ತು. ಅವಳು ಕೆಮ್ಮೋ ಸದ್ದು ಗೊತ್ತು. ಎದುರಿಗೇ ಬಂದು ನಿಂತ್ರೂ ಗುರುತು ಹತ್ತಲ್ಲ.” ಅವರು ಕಣ್ಣು ತಗ್ಗಿಸಿದರು. “ಮಗ ಬದುಕಿದ್ದಾನೆ.”

ಫೋನು ಮತ್ತೆ ಬಡಿದುಕೊಂಡಿತು. ಎತ್ತಿದರೆ ಮಾತಿಲ್ಲ, ಮರಿಯ ಅಳು ಮಾತ್ರ. ಅದೂ ಮುಖಕ್ಕೆ ಬಟ್ಟೆ ಮುಚ್ಚಿದಂತೆ ಅಡಗಿ ಅಡಗಿ ಬರುತ್ತಿತ್ತು. ಕೇಳುತ್ತಾ ಕೇಳುತ್ತಾ ಅವಳಿಗೆ ಅರಿವಾಯಿತು. ಮರಿಯ ಗಲ್ಲ ಹೇಗಿದೆ, ನೆನಪಾಗುತ್ತಿಲ್ಲ. ನಾಣ್ಯದ ಮೇಲೆ ಗುಬ್ಬಿಯ ಗಲ್ಲದ ಹಿಂದೆ ಇನ್ನೊಂದು ಗಲ್ಲದ ಗೆರೆ ಏಳುತ್ತಿತ್ತು.

ಸೂಜಿ ಎತ್ತಿಕೊಂಡಳು. ಕೈ ಬರಲಿಲ್ಲ. ಇಷ್ಟು ದಿನ ಸತ್ತ ರಾಜರ ಮೇಲಿನ ಕಿಲುಬು ಬಿಡಿಸಿದ ಸೂಜಿ. ಒಮ್ಮೆ ನೋಡಿದಳು. ಹಣೆ. ಹುಬ್ಬು. ಮೂಗು. ಕೂದಲು. ಮನಸ್ಸಿಗೆ ಹೇಳಿದಳು: ಇಟ್ಟುಕೋ, ಇಟ್ಟುಕೋ. ಮನಸ್ಸು ಇಟ್ಟುಕೊಳ್ಳಲಿಲ್ಲ.

“ನೋವಾಗಲ್ಲ ಕಂದ,” ಎಂದಳು.

ಸೂಜಿ ಇಳಿಯಿತು. ಲೋಹ ಕೀರಿಟ್ಟಿತು. ಹುಬ್ಬು ಹೋಯಿತು. ಗಾಯದ ಗುರುತು ಹೋಯಿತು. ಸುಟ್ಟ ಕೂದಲಿನ ವಾಸನೆ ಕೋಣೆ ತುಂಬಿತು. ದೀಪ ನಡುಗಿತು. ಕತ್ತಲಲ್ಲಿ ಒಂದು ಮಗು ಅಮ್ಮಾ ಎಂದಿತು, ಒಂದೇ ಸಲ. ಅವಳು ನಿಲ್ಲಿಸಲಿಲ್ಲ. ಮೂಗು. ಕಣ್ಣು. ಕೊನೆಗೆ ಆ ಗುಂಗುರು ಕೂದಲು. ತಾತ ಮೇಣ ಸುರಿದರು.

ಫೋನಿನಲ್ಲಿ ಗಂಡನ ದನಿ ಬಂತು. “ಸುಮ್ಮನಾದ್ಲು ಕಣೆ. ಕನ್ನಡಿ ಮುಂದೆ ನಿಂತು ನಾಲಿಗೆ ಚಾಚಿ ನೋಡ್ಕೋತಿದ್ದಾಳೆ.”

ಅವಳು ಸೂಜಿ ಕೆಳಗಿಟ್ಟಳು. ತಾತ ಮೇಜಿನ ಮೇಲೆ ಬಿದ್ದಿದ್ದ ಲೋಹದ ಪುಡಿಯನ್ನು ಒಂದು ಕಣವೂ ಚೆಲ್ಲದಂತೆ ಮೆತ್ತನೆಯ ಕುಂಚದಿಂದ ಗುಡಿಸಿ, ಕಾಗದದಲ್ಲಿ ಮಡಿಸಿ ಅವಳ ಕೈಗಿಟ್ಟರು. “ನನ್ನ ಫೋಟೋ ಹಿಂದೇನೂ ಒಂದು ಪೊಟ್ಟಣ ಇದೆ,” ಎಂದರು.

ಅಂದು ಸಂಜೆ ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಲಿಲ್ಲ. ಬಾಗಿಲಲ್ಲಿ ಮರಿ ಓಡಿಬಂದು ಕಾಲನ್ನು ತಬ್ಬಿಕೊಂಡಿತು. ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಗುಂಡು ಗಲ್ಲ, ಸೋರುವ ಮೂಗು, ಎಲ್ಲ ಇತ್ತು.

“ಅಮ್ಮ, ಅಕ್ಕ ಯಾರ ಥರ ಇದ್ಲು?”

ಎಲ್ಲರೂ ನಿನ್ನ ಥರ ಅನ್ನುತ್ತಿದ್ದರು, ಎನ್ನಲು ಹೊರಟಳು. ನಿಜವೋ ಸುಳ್ಳೋ ಗೊತ್ತಾಗಲಿಲ್ಲ. ಗೋಡೆಯಿಂದ ಫೋಟೋ ಇಳಿಸಿ ಹಿಂದೆ ಪೊಟ್ಟಣ ಸಿಕ್ಕಿಸಿದಳು. ಹಳದಿ ಫ್ರಾಕಿನ ಮೇಲಿನ ಬೆಳ್ಳಗಿನ ಜಾಗದ ಗಾಜನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು, ಮಗುವಿನ ಬಾಯಿ ಒರೆಸುವಂತೆ.