ಅಳಿವೆಯ ಮರಳುದಿಣ್ಣೆ

ಸೋಮವಾರ ಬೆಳಿಗ್ಗೆ ಯಲ್ಲಮ್ಮ ರಾಗಿಗುಡ್ಡದ ನಮ್ಮ ಬೀದಿಗೆ ಬಂದಾಗ ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಭದ್ರಾವತಿಯಿಂದ ಮೊದಲ ಬಸ್ಸು ಹಿಡಿದು ಓಡಿಬಂದಿದ್ದಳು.

"ಉಮಕ್ಕಾ, ಸಂಜೆ ಐದಕ್ಕೆ ನನ್ನ ಗಂಡನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ! ಅವ್ರು ಕಳ್ಳ ಅಲ್ಲ ಕಣಕ್ಕಾ!"

ಉಮಾಮಹೇಶ್ವರಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಬಗೆಹರಿಯದ ತಕರಾರುಗಳೆಲ್ಲ ಅವಳ ಜಗಲಿಗೇ ಬರುತ್ತಿದ್ದವು. ಪಕ್ಕದ ಮನೆಯ ಪ್ರೇಮಮ್ಮ, ಅಂದರೆ ನಾನು, ಪ್ರತಿ ಸಲವೂ ಅವಳ ಬೆನ್ನ ಹಿಂದೆ ಹೊರಡುತ್ತಿದ್ದೆ.

ಅದು 2001ರ ಮಾರ್ಚ್. ಭದ್ರಾವತಿಯ ಹಕ್ಕಿ ನೋಡುವ ಗುಂಪಿನ ಮೂವರು ಶನಿವಾರ ಹೊನ್ನಾವರದ ಕಡಲತೀರಕ್ಕೆ ಹೋಗಿದ್ದರು: ಹಿರಿಯ ಓಂಕಾರಪ್ಪ, ಕಾಲೇಜು ಮೇಷ್ಟ್ರು ರುದ್ರೇಶ್, ಶಂಕರಘಟ್ಟದ ವಿದ್ಯಾರ್ಥಿನಿ ವಿದ್ಯಾಶ್ರೀ. ಯಲ್ಲಮ್ಮನ ಗಂಡ ಕರಿಯಣ್ಣ ವ್ಯಾನಿನ ಡ್ರೈವರ್. ಭಾನುವಾರ ಬೆಳಿಗ್ಗೆ ಅವನು ವ್ಯಾನಿಗೆ ಬೀಗ ಹಾಕದೆ ಟೀ ಕುಡಿಯಲು ಹೋಗಿದ್ದ. ಏಳಕ್ಕೆ ನೋಡಿದರೆ ಅದರಲ್ಲಿಟ್ಟಿದ್ದ ವಿದ್ಯಾಶ್ರೀಯ ಟೆಲಿಸ್ಕೋಪ್ ಮಾಯ! ತೀರಿಹೋದ ಅಪ್ಪ ಅವಳಿಗೆ ಬಿಟ್ಟುಹೋದದ್ದು ಅದೊಂದೇ. ಊರಿಗೆ ಬಂದಮೇಲೆ ವ್ಯಾನ್ ಸ್ಟ್ಯಾಂಡಿನ ಡ್ರೈವರುಗಳೆಲ್ಲರ ಎದುರು ಓಂಕಾರಪ್ಪ ಕರಿಯಣ್ಣನ ಚೀಲವನ್ನು ಸುರಿದು ಹುಡುಕಿದರಂತೆ. ಏನೂ ಸಿಗದಿದ್ದರೂ ಅವನೇ ಕಳ್ಳ ಎಂದರಂತೆ. ಕೇಳಿ ನನ್ನ ಮೈಯೆಲ್ಲ ಉರಿಯಿತು.

ನಾಲ್ಕಕ್ಕೆ ಭದ್ರಾವತಿಯ ಓಂಕಾರಪ್ಪನವರ ಮನೆಯಲ್ಲಿ ಎಲ್ಲರೂ ಸೇರಿದರು. ಕರಿಯಣ್ಣ ಬಾಗಿಲ ಹತ್ತಿರ ತಲೆತಗ್ಗಿಸಿ ನಿಂತಿದ್ದ. ಉಮಕ್ಕ ಮೂವರ ನೋಟ್‌ಬುಕ್ ಕೇಳಿದಳು. ಹಕ್ಕಿ ನೋಡುವವರು ಕಂಡ ಹೊತ್ತು, ಜಾಗ ಬರೆಯದೆ ಬಿಡುವುದಿಲ್ಲ.

ವಿದ್ಯಾಶ್ರೀ ಮತ್ತು ಓಂಕಾರಪ್ಪ ಜೊತೆಗಿದ್ದು ಒಂದೇ ಮಾತು ಬರೆದಿದ್ದರು: "ಭಾನುವಾರ 6.30. ಸಿಗಡಿ ಕೆರೆಯ ಏರಿ. ಗೊರವ ಹಕ್ಕಿಗಳು ಒತ್ತಾಗಿ ನಿಂತಿವೆ, ಒಂದೂ ಮೇಯುತ್ತಿಲ್ಲ." ರುದ್ರೇಶ್ ಬರೆದದ್ದು: "6.30. ನದಿ ಕಡಲು ಸೇರುವ ಅಳಿವೆಯ ಮರಳುದಿಣ್ಣೆ. ನಲವತ್ತು ಗೊರವಗಳು ಓಡಾಡುತ್ತಾ ಮೇಯುತ್ತಿವೆ."

"ಶನಿವಾರ ಊಟ ಎಲ್ಲಿ ಮಾಡಿದ್ರಿ?" ಉಮಕ್ಕ ಕೇಳಿದಳು.

"ಅದೇ ದಿಣ್ಣೆ ಮೇಲೆ, ಹನ್ನೆರಡೂವರೆಗೆ," ಎಂದಳು ವಿದ್ಯಾಶ್ರೀ. "ನೀರು ಪೂರ್ತಿ ಇಳಿದಿತ್ತು, ನಡ್ಕೊಂಡೇ ಹೋದ್ವಿ. ಊಟ ಆಗಿದ್ದೇ ಲಾಡ್ಜಿಗೆ ಹೊರಟ್ವಿ."

ಉಮಕ್ಕ ಪುಸ್ತಕ ಮುಚ್ಚಿದಳು. "ರುದ್ರೇಶ್, ನಮ್ಮ ತುಂಗೆ, ಭದ್ರೆಯಲ್ಲಿ ಬೇಸಿಗೆಗೆ ಎದ್ದ ದಿಣ್ಣೆ ಮಳೆಗಾಲದ ತನಕ ಮುಳುಗಲ್ಲ. ಆ ನಂಬಿಕೆ ಮೇಲೆ ಬರೆದ್ರಿ. ಕಡಲು ಹಾಗಲ್ಲ ಮಾರಾಯ. ಮಧ್ಯಾಹ್ನ ಹನ್ನೆರಡೂವರೆಗೆ ಇಳಿದ ನೀರು ರಾತ್ರಿ ಒಂದಕ್ಕೆ ಮತ್ತೆ ಇಳಿಯುತ್ತೆ. ಬೆಳಿಗ್ಗೆ ಆರೂವರೆ, ಏಳರ ಹೊತ್ತಿಗೆ ಪೂರ್ತಿ ಉಬ್ಬರ. ನಿಮ್ಮ ದಿಣ್ಣೆ ನೀರಿನಡಿ ಇತ್ತು. ಮೇಯೋಕೆ ಜಾಗ ಇಲ್ದೇ ಹಕ್ಕಿಗಳು ಏರಿ ಹತ್ತಿ ನಿಂತಿದ್ವು. ಇವರಿಬ್ಬರೂ ಜೊತೆಗಿದ್ರು, ಕರಿಯಣ್ಣ ಟೀ ಅಂಗಡೀಲಿದ್ದ. ಎಲ್ಲಿದ್ದೆ ಅಂತ ಸುಳ್ಳು ಬರೆದವರು ನೀವೊಬ್ಬರೇ. ಯಾಕೆ?"

ರುದ್ರೇಶ್ ಒಪ್ಪಿಕೊಂಡ. "ಹೇಳದೆ ತಗೊಂಡೆ. ಬಂಡೆ ಮೇಲೆ ಕೈಜಾರಿ ಬಿತ್ತು. ಗಾಜು ಒಡೀತು. ಅವಳ ಅಪ್ಪಂದು ಅಂತ ಗೊತ್ತಿತ್ತು... ಹೆದರಿ ಮುಚ್ಚಿಟ್ಟುಬಿಟ್ಟೆ."

"ಒಡೀತು ಅಂದಿದ್ರೆ ನಾನು ಅಳ್ತಿದ್ದೆ ಅಷ್ಟೇ, ಸರ್," ಎಂದಳು ವಿದ್ಯಾಶ್ರೀ.

ಕರಿಯಣ್ಣ ಮೊದಲ ಸಲ ಬಾಯಿಬಿಟ್ಟ. "ನಿಮ್ಮ ಆ ಭಾರದ ಬ್ಯಾಗಲ್ಲೇ ಇತ್ತಾ ಸಾರ್? ನನ್ನ ಚೀಲ ಹುಡುಕಿ ಆದ್ಮೇಲೆ ಅದನ್ನ ನಿಮ್ಮ ಮಹಡಿಗೆ ಹೊತ್ತು ಹಾಕಿದ್ದು ನಾನೇ ಅಲ್ವಾ?"

ರುದ್ರೇಶ್ ಹೌದೆಂದು ತಲೆಯಾಡಿಸಿದ. ಥೂ, ನನಗೇ ನಾಚಿಕೆಯಾಯಿತು. ಓಂಕಾರಪ್ಪ ಎದ್ದು ಕೈಮುಗಿದರು. "ತಪ್ಪಾಯ್ತು ಕರಿಯಣ್ಣ."

"ಇಲ್ಲಿ ಬೇಡ ಸಾರ್," ಯಲ್ಲಮ್ಮ ಅಡ್ಡ ಬಂದಳು. "ಸ್ಟ್ಯಾಂಡಲ್ಲಿ ಎಲ್ಲರ ಮುಂದೆ ಕಳ್ಳ ಅಂದ್ರಿ. ಅಲ್ಲೇ ಬಂದು ಹೇಳಿ."

ಐದಕ್ಕೆ ನಾವು ಪೊಲೀಸ್ ಠಾಣೆಯ ಬದಲು ವ್ಯಾನ್ ಸ್ಟ್ಯಾಂಡಿಗೆ ಹೋದೆವು. ಓಂಕಾರಪ್ಪ ಎಲ್ಲರಿಗೂ ಕೇಳುವಂತೆ ತಪ್ಪೊಪ್ಪಿಕೊಂಡರು. ರುದ್ರೇಶ್ ತನ್ನ ಬ್ಯಾಗು ತಾನೇ ಹೊತ್ತು ತಂದು, ನಿನ್ನೆ ಕರಿಯಣ್ಣನ ಚೀಲ ಸುರಿದಿದ್ದ ಜಾಗದಲ್ಲೇ ಅದನ್ನು ಬಿಚ್ಚಿದ.